ಹಳೇ ಅರದಿಂದ ಚಾಕು: ಬಿರುಕು ಬಿಡದ ಹಾಗೆ ಹದ ಹಾಕುವುದು ಹೇಗೆ?

ಪ್ರಶ್ನೆ: 10 ಇಂಚಿನ ಚಪ್ಪಟೆ ಅರ ಮೂರಿದ್ದವು. ಚಿಕ್ಕ ಗ್ಯಾಸ್ ಕುಲುಮೆ, ಗ್ರೈಂಡರ್ ಇದೆ. ಒಂದನ್ನು ಬಡಿದು ಚಾಕು ಮಾಡಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ‘ಟಿಣ್’ ಅಂತ ಸದ್ದಾಗಿ ಬಾಯಿಗೆ ಅಡ್ಡಲಾಗಿ ಎರಡು ಬಿರುಕು. ಉಳಿದೆರಡೂ ಹಾಳಾಗುವ ಮುಂಚೆ ಬಲ್ಲವರು ಹೇಳಿ.

ಸಾಣೆಕಲ್ಲು:
ತಪ್ಪು ಬರೀ ನೀರಿನದ್ದಲ್ಲ. ಬಡಿಯುವ ಮುಂಚೆ ಹಲ್ಲು ಉಜ್ಜಿ ತೆಗೆದಿದ್ದಿರಾ? ಅರದ ಒಂದೊಂದು ಹಲ್ಲಿನ ಬುಡವೂ ಒಂದೊಂದು ಸಣ್ಣ ಸೀಳು. ಅದ್ದಿದಾಗ ಉಕ್ಕಿನೊಳಗಿನ ಎಳೆತವೆಲ್ಲ ಅಲ್ಲೇ ಬಂದು ಕೂರುತ್ತದೆ. ಹಲ್ಲಿದ್ದಾಗಲೇ ಸುತ್ತಿಗೆ ಬಿದ್ದರೆ ಇನ್ನೂ ಕೇಡು: ಹಲ್ಲು ಮಡಚಿ ಒಳಗೆ ಸೇರುತ್ತದೆ, ಮೇಲೆ ನುಣುಪು, ಒಳಗೆ ಮಡಿಕೆ. ಗೆರೆ ಮಾಯವಾದ ಮೇಲೂ ಇನ್ನೊಂದಿಷ್ಟು ಉಜ್ಜಿ. ಅಂದಕ್ಕೆ ಹಲ್ಲಿನ ಗುರುತು ಬೇಕೇ ಬೇಕು ಅಂದರೆ ಬೆನ್ನಿನ ಹತ್ತಿರ ಉಳಿಸಿ, ಬಾಯಿಯ ಕಡೆ ಬೇಡ.

ಬೂದಿಗುಂಡಿ:
ಅದಕ್ಕೂ ಮೊದಲು ಅರ ಇಡಿಯಾಗಿ ಉಕ್ಕೋ, ಚರ್ಮ ಮಾತ್ರ ಗಟ್ಟಿಯೋ ನೋಡಿ. ತುದಿಯ ಒಂದಿಂಚನ್ನು ವೈಸ್‌ನಲ್ಲಿ ಬಿಗಿದು, ಬಟ್ಟೆ ಸುತ್ತಿ, ಕನ್ನಡಕ ಹಾಕಿ ಮುರಿಯಿರಿ. ಮುರಿದ ಕಡೆ ಅಂಚಿನಿಂದ ನಡುವಿನವರೆಗೆ ಒಂದೇ ನಯವಾದ ಬೂದು ಕಣವಿದ್ದರೆ ಒಳ್ಳೆ ಉಕ್ಕು. ಅಂಚು ಒಂದು ಬಗೆ, ನಡು ಇನ್ನೊಂದು ಬಗೆ ಕಂಡರೆ ಚಾಕುವಿಗೆ ಬಾರದು. ಹಿಡಿ ಸೇರುವ ಬಾಲದಲ್ಲಿ ಪರೀಕ್ಷಿಸಬೇಡಿ, ಅದು ಎಲ್ಲ ಅರದಲ್ಲೂ ಮೆದುವೇ.

ಮೆದು ಮಾಡಲು ಅಯಸ್ಕಾಂತ ಅಂಟದಷ್ಟು ಕಾಯಿಸಿ, ಇನ್ನೂ ಸ್ವಲ್ಪ ಕಾವು ಕೊಟ್ಟು, ಒಣ ಬೂದಿಯಲ್ಲಿ ರಾತ್ರಿಯಿಡೀ ಹೂತಿಡಿ. ಬೆಳಿಗ್ಗೆ ಹ್ಯಾಕ್ಸಾ ಕಚ್ಚಿದರೆ ಸರಿ. ಹಿಡಿಯ ತೂತುಗಳನ್ನು ಈಗಲೇ ಕೊರೆಯಿರಿ, ಹದ ಹಾಕಿದ ಮೇಲೆ ಡ್ರಿಲ್ ಬಿಟ್ ಸವೆಯುತ್ತದೆಯೇ ಹೊರತು ತೂತು ಬೀಳದು.

ಎಣ್ಣೆಡಬ್ಬಿ:
ಅರದ ಉಕ್ಕು ನೀರಿನಲ್ಲೇ ಗಟ್ಟಿಯಾಗುವ ಜಾತಿ, ನಿಜ. ಆದರೆ ಚಾಕುವಿನ ತೆಳು ಬಾಯಿ ಆ ಹೊಡೆತ ತಡೆಯದು. 50–60 ಡಿಗ್ರಿಗೆ ಬೆಚ್ಚಗಾದ 3 ಲೀಟರ್ ಅಡುಗೆ ಎಣ್ಣೆ ಸಾಕು. ತಣ್ಣನೆಯ ಎಣ್ಣೆ ಮಂದ, ಕಾವನ್ನು ನಿಧಾನವಾಗಿ ಹೀರುತ್ತದೆ. ಕಬ್ಬಿಣದ ಪಾತ್ರೆ, ಪಕ್ಕದಲ್ಲಿ ಮುಚ್ಚಳ. ಹಳೇ ಎಂಜಿನ್ ಆಯಿಲ್ ಬೇಡ, ಹೊಗೆ ವಿಷ.

ಅದ್ದುವ ಮುಂಚೆ ಬಾಯಿ 1 ಮಿ.ಮೀ. ದಪ್ಪ ಇರಲಿ. ಬಡಿದ ಉಕ್ಕಿನ ಕಣ ದಪ್ಪವಾಗಿರುತ್ತದೆ. ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟರೆ ಕಣ ಮತ್ತೆ ಸಣ್ಣದಾಗುತ್ತದೆ.

ಎಲ್ಲರೂ ಎಡವುವುದು ಕಾವಿನಲ್ಲಿ. ಅಯಸ್ಕಾಂತ ಬಿಡುವುದು 770 ಡಿಗ್ರಿಯಲ್ಲಿ, ನಿಮಗೆ ಬೇಕಾದದ್ದು ಸುಮಾರು 800. ಮಬ್ಬು ಬೆಳಕಿನಲ್ಲಿ ನೋಡಿ: ಕೆಂಪೇರುತ್ತಿರುವ ಅಲಗಿನ ಮೇಲೆ ಒಂದು ಕಪ್ಪು ನೆರಳು ಹರಿದಾಡಿ, ದಪ್ಪ ಭಾಗದ ಕಡೆ ಸರಿಯುತ್ತ ಮಾಯವಾಗುತ್ತದೆ. ನೆರಳು ಪೂರ್ತಿ ಹೋಗಿ ಬಣ್ಣ ಒಂದೇ ಸಮನಾದಾಗ ಅದ್ದಿ. ಕಣ್ಣು ಪಳಗಿಲ್ಲದಿದ್ದರೆ ಬೆನ್ನಿನ ಮೇಲೆ ಚಿಟಿಕೆ ಉಪ್ಪು ಹಾಕಿ, 801ಕ್ಕೆ ಕರಗುತ್ತದೆ. ಕಿತ್ತಳೆ, ಹಳದಿಗೆ ಹೋದರೆ ಕಣ ದಪ್ಪವಾಗಿ ಅಲಗು ಗಾಜಿನಂತೆ ಒಡೆಯುತ್ತದೆ. ತುದಿ ಮೊದಲಾಗಿ ಇಳಿಸಿ, ಬಾಯಿ-ಬೆನ್ನಿನ ದಿಕ್ಕಿನಲ್ಲಷ್ಟೇ ಆಡಿಸಿ. ಪಕ್ಕಕ್ಕೆ ಆಡಿಸಿದರೆ ಬಾಗುತ್ತದೆ.

ಅದ್ದಿ ತೆಗೆದ ಮೇಲೆ ಗಟ್ಟಿಯಾಯಿತೇ ನೋಡಲು ಬೇರೊಂದು ಹೊಸ ಅರದಿಂದ ಉಜ್ಜಿ, ಅದು ಬಾಯಿಯ ಮೇಲೆ ಜಾರಬೇಕು. ಕಚ್ಚಿದರೆ ತಕ್ಷಣ ಸೋಲೊಪ್ಪಬೇಡಿ, ಕಾರ್ಬನ್ ಸುಟ್ಟುಹೋದ ಮೇಲ್ಪದರ ಇರಬಹುದು. 0.2 ಮಿ.ಮೀ. ಉಜ್ಜಿ ಮತ್ತೆ ನೋಡಿ.

ಸಾಣೆಕಲ್ಲು:
ಆಮೇಲೆ ನಾಳೆ ಮಾಡೋಣ ಅಂತ ಬಿಟ್ಟರೆ ಮೇಜಿನ ಮೇಲೇ ಬಿರುಕು ಬಿಟ್ಟೀತು. ಕೈಗೆ ಬೆಚ್ಚಗಿರುವಾಗಲೇ ಓವನ್‌ಗೆ, 200 ಡಿಗ್ರಿ, ಎರಡು ಗಂಟೆ. ಆರಲು ಬಿಟ್ಟು ಇನ್ನೊಂದು ಸಲ. ಓವನ್ನಿನ ಕಾವು ಏರಿಳಿಯುತ್ತದೆ, ಅಲಗನ್ನು ಮರಳಿನ ತಟ್ಟೆಯಲ್ಲಿಡಿ. ಮೊದಲೇ ಉಜ್ಜಿ ಹೊಳಪು ಮಾಡಿದ್ದರೆ ತೆಳು ಹುಲ್ಲಿನ ಬಣ್ಣ ಕಾಣುತ್ತದೆ. ಬಾಯಿ ನೀಲಿಗೆ ತಿರುಗಿದರೆ ಅಲ್ಲಿ ಹದ ಹೋಯಿತು.

ತಣ್ಣೀರು:
ಇಷ್ಟೆಲ್ಲ ಯಾಕೆ? ಅರದಲ್ಲಿ ಹದ ಇದ್ದೇ ಇದೆ, ಅತಿಯಾಗಿದೆ ಅಷ್ಟೇ. ಹಾಗೇ ಓವನ್ನಿನಲ್ಲಿ 220ಕ್ಕೆ ಎರಡು ಗಂಟೆಯಂತೆ ಎರಡು ಸಲ ಇಟ್ಟು, ಗ್ರೈಂಡರ್‌ನಲ್ಲೇ ಆಕಾರ ಕೊಡಿ. ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ, ಮುಖಕ್ಕೆ ಮಾಸ್ಕ್ ಇರಲಿ. ತೂತಿಗೆ ಬಾಲವನ್ನಷ್ಟೇ ಟಾರ್ಚ್‌ನಿಂದ ಕಾಯಿಸಿ ಮೆದು ಮಾಡಿ, ಅಲಗಿಗೆ ಒದ್ದೆ ಬಟ್ಟೆ ಸುತ್ತಿ.

ಪ್ರಶ್ನೆ: ಬಿರುಕು ಬಿಟ್ಟದ್ದನ್ನು ಮತ್ತೆ ಕಾಯಿಸಿ ಬೆಸೆಯಬಹುದೇ?

ಎಣ್ಣೆಡಬ್ಬಿ:
ಬೇಡ. ಬಿರುಕಿನೊಳಗೆ ಕಿಟ್ಟ ಕೂತಿರುತ್ತದೆ, ಬೆಸುಗೆ ಹಿಡಿಯದು. ಬಿರುಕಿನ ಆಚೆ 5 ಮಿ.ಮೀ. ಬಿಟ್ಟು ಕತ್ತರಿಸಿ. ಮೂರಿಂಚು ಉಳಿದರೂ ಪೆನ್ಸಿಲ್ ಕೆತ್ತುವ ಚಾಕು ಆಗುತ್ತದೆ.