ಬಾಲ್ಕನಿಯೂ ಇಲ್ಲದ ಮನೆಯಲ್ಲಿ ಹಸಿ ಕಸವನ್ನು ಎಲ್ಲಿಡುವುದು?

ಮೂರನೇ ಮಹಡಿ (ಪ್ರಶ್ನೆ)

ಬೆಂಗಳೂರಿನ ಹನುಮಂತನಗರದಲ್ಲಿ ಒಂದು ಕೋಣೆ ಮತ್ತು ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿ ನಾನು, ನನ್ನ ಹೆಂಡತಿ ಮತ್ತು ನನ್ನ ತಾಯಿ ವಾಸವಾಗಿದ್ದೇವೆ. ಮನೆಗೆ ಬಾಲ್ಕನಿ ಇಲ್ಲ, ತಾರಸಿಯ ಬೀಗದ ಕೈ ಮಾಲೀಕರ ಬಳಿ ಇರುತ್ತದೆ, ಮೆಟ್ಟಿಲ ಕೆಳಗಿನ ಜಾಗವನ್ನು ನೀರಿನ ಮೋಟಾರು ಮತ್ತು ಎರಡು ಸ್ಕೂಟರುಗಳು ಹಿಡಿದಿವೆ. ಅಡುಗೆಕಟ್ಟೆಯ ಕೆಳಗೆ ಎರಡು ಸಿಲಿಂಡರು ಮತ್ತು ಅಕ್ಕಿಯ ಡಬ್ಬ ಇಟ್ಟ ಮೇಲೆ ಉಳಿಯುವುದು ಒಂದು ಗೇಣಿನ ಸಂದಿ ಮಾತ್ರ.

2015ರ ಡಿಸೆಂಬರಿನಲ್ಲಿ ಹೈಕೋರ್ಟು ವಿಧಿಸಿದ ಎರಡು ಬುಟ್ಟಿ, ಒಂದು ಚೀಲದ ಕ್ರಮದ ಬಗ್ಗೆ ನನ್ನ ತಕರಾರಿಲ್ಲ. ಒಣ ಕಸದ ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇವೆ, ಡೈಪರು, ಬ್ಯಾಂಡೇಜಿನಂತಹ ಕಸದ ಕೆಂಪು ಬುಟ್ಟಿ ಬಚ್ಚಲಮನೆಯಲ್ಲಿದೆ. ನಮ್ಮನ್ನು ಕಾಡುತ್ತಿರುವುದು ಹಸಿ ಕಸದ ಹಸಿರು ಬುಟ್ಟಿ. ಕಸದ ಗಾಡಿ ಬೆಳಿಗ್ಗೆ ಏಳೂವರೆಯ ಸುಮಾರಿಗೆ ಬರುತ್ತದೆ; ನಾನು ಆರೂವರೆಗೇ ಹೊರಡುತ್ತೇನೆ, ನನ್ನ ಹೆಂಡತಿ ರಾತ್ರಿ ಪಾಳಿ ಮುಗಿಸಿ ಒಂಬತ್ತಕ್ಕೆ ಬರುತ್ತಾರೆ, ಮೊಣಕಾಲು ನೋವಿನ ತಾಯಿಯವರನ್ನು ಮೂರು ಮಹಡಿ ಇಳಿಸುವಂತಿಲ್ಲ. ಹೀಗಾಗಿ ನಮ್ಮ ಹಸಿ ಕಸ ವಾರಕ್ಕೆ ಎರಡು ಸಲ ಮಾತ್ರ ಗಾಡಿ ಸೇರುತ್ತದೆ. ಕಳೆದ ವಾರ ಬುಟ್ಟಿಯ ಮುಚ್ಚಳ ತೆಗೆದಾಗ ಹುಳಿಯಲ್ಲಿ ನೆಂದ ನುಗ್ಗೆಕಾಯಿಯ ಸಿಪ್ಪೆಗಳ ಮೇಲೆ ಬಿಳಿ ಹುಳುಗಳು ಮಿಜಿಗುಡುತ್ತಿದ್ದವು. ಫ್ರಿಜ್ಜಿನಲ್ಲಿ ಇಡೋಣವೆಂದರೆ, ಎಂಜಲು ಮುಸುರೆ ಫ್ರಿಜ್ಜಿಗೆ ಸೇರಕೂಡದು ಎಂದು ತಾಯಿಯವರು ಖಂಡಿತವಾಗಿ ಹೇಳಿದ್ದಾರೆ. ಇಂತಹ ಮನೆಯಲ್ಲಿ ಗೊಬ್ಬರ ಮಾಡುವುದು ನಿಜವಾಗಿ ಸಾಧ್ಯವೇ? ಇಲ್ಲವಾದರೆ ಬೇರೆ ಉಪಾಯವೇನು?

ತರಗೆಲೆ

ಸಾಧ್ಯವಿದೆ, ಆದರೆ ಅದಕ್ಕೆ ಮೊದಲು ಬೇರೊಂದು ವಿಷಯ ಹೇಳಬೇಕು. ನಿಮ್ಮ ಬುಟ್ಟಿಯಲ್ಲಿ ಜಾಗವನ್ನು ಹಿಡಿದಿರುವುದು ಬಹುಪಾಲು ನೀರು. ತರಕಾರಿ ಮತ್ತು ಹಣ್ಣಿನ ಸಿಪ್ಪೆಗಳ ತೂಕದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಇರುತ್ತದೆ. ಅದರ ಮೇಲೆ ಸಾರು, ಮಜ್ಜಿಗೆ, ತಟ್ಟೆ ತೊಳೆದ ನೀರು ಸೇರಿದರೆ ಬುಟ್ಟಿಯ ತಳದಲ್ಲಿ ಗಾಳಿಯಾಡದ ಕೆಸರು ಉಂಟಾಗುತ್ತದೆ, ಮತ್ತು ಗಾಳಿ ಇಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹುಟ್ಟಿಸುವ ವಾಸನೆಯನ್ನೇ ನಾವು ಕಸದ ವಾಸನೆ ಎನ್ನುತ್ತೇವೆ. ಆದ್ದರಿಂದ ಸಿಂಕಿನಲ್ಲಿ ತೂತಿನ ಪಾತ್ರೆಯೊಂದನ್ನಿಟ್ಟು, ಎಂಜಲನ್ನೆಲ್ಲ ಅದರಲ್ಲಿ ಅರ್ಧ ಗಂಟೆ ಬಸಿಯಲು ಬಿಟ್ಟು, ಆಮೇಲೆ ಹಳೆಯ ದಿನಪತ್ರಿಕೆಯ ಎರಡು ಹಾಳೆಗಳಲ್ಲಿ ಪೊಟ್ಟಣ ಕಟ್ಟಿ. ಈ ಒಂದು ಕೆಲಸದಿಂದಲೇ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಕಟ್ಟಬೇಡಿ, ಏಕೆಂದರೆ ಅದನ್ನು ಬಿಚ್ಚಿ ಸುರಿಯುವ ಕೆಲಸ ಪೌರಕಾರ್ಮಿಕರ ಬರಿಗೈಗೆ ಬೀಳುತ್ತದೆ.

ಇನ್ನು ಗೊಬ್ಬರದ ಮಾತು. ನಾನು ಬಣ್ಣದ ಅಂಗಡಿಯಿಂದ ತಂದ 20 ಲೀಟರಿನ ಎರಡು ಬಕೆಟ್ಟುಗಳಲ್ಲಿ ಮಾಡುತ್ತೇನೆ. ಕಾಯಿಸಿದ ಮೊಳೆಯಿಂದ ಪಕ್ಕಗಳಲ್ಲಿ ಇಪ್ಪತ್ತು ಮೂವತ್ತು ತೂತು ಮಾಡಿ, ತಳದಲ್ಲಿ ನಾಲ್ಕು ಬೆರಳು ದಪ್ಪ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಹರಡಿ, ಪ್ರತಿದಿನ ಎಷ್ಟು ಸಿಪ್ಪೆ ಹಾಕುತ್ತೇನೋ ಅಷ್ಟೇ ಗಾತ್ರದ ಒಣ ಎಲೆಯನ್ನು ಅದರ ಮೇಲೆ ಮುಚ್ಚುತ್ತೇನೆ. ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು; ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕೆಂಬ ಲೆಕ್ಕವನ್ನು ಮನೆಯಲ್ಲಿ ಯಾರೂ ಅಳೆಯಲಾರರು. ಒಂದು ಹಿಡಿ ತೆಗೆದು ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಿಸಿಕೊಂಡರೆ ಹದ ಸರಿಯಾಗಿದೆ. ಸುರಿದರೆ ಇನ್ನಷ್ಟು ಎಲೆ ಬೇಕು, ಕೈಗೆ ತೇವವೇ ತಾಗದಿದ್ದರೆ ಎರಡು ಚಮಚ ಹುಳಿ ಮಜ್ಜಿಗೆ ಚಿಮುಕಿಸಬೇಕು. ವಾರಕ್ಕೆ ಎರಡು ಸಲ ಕೆದಕಬೇಕು. ಒಂದು ಬಕೆಟ್ ತುಂಬಲು ನಮ್ಮ ಮನೆಯಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಹಿಡಿಯುತ್ತದೆ, ಏಕೆಂದರೆ ಹಾಕಿದ್ದು ಹಾಕಿದಂತೆಯೇ ಕುಗ್ಗುತ್ತಾ ಹೋಗುತ್ತದೆ. ತುಂಬಿದ್ದು ಮಾಗುವವರೆಗೆ ನಮ್ಮ ಮಂಚದ ಕೆಳಗಿರುತ್ತದೆ. ಇದನ್ನು ಕೇಳಿ ನಗುವವರೇ ಹೆಚ್ಚು, ಆದರೆ ಮನೆಗೆ ಬಂದ ನೆಂಟರಲ್ಲಿ ಯಾರೂ ಇದುವರೆಗೆ ಅದನ್ನು ವಾಸನೆಯಿಂದ ಪತ್ತೆ ಮಾಡಿಲ್ಲ.

ಸುವೋನ್ ಕನ್ನಡತಿ

ನಾನು ದಕ್ಷಿಣ ಕೊರಿಯಾದ ಸುವೋನ್ ನಗರದಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದೇನೆ. ಇಲ್ಲಿ ಆಹಾರದ ಕಸವನ್ನು ನೇರವಾಗಿ ನೆಲದಲ್ಲಿ ಹೂಳುವುದನ್ನು 2005ರಲ್ಲಿಯೇ ನಿಷೇಧಿಸಿದರು, ಮತ್ತು 2013ರಿಂದ ಎಷ್ಟು ಎಸೆಯುತ್ತೇವೋ ಅಷ್ಟಕ್ಕೆ ಹಣ ಕೊಡುವ ಪದ್ಧತಿ ದೇಶವೆಲ್ಲ ಹರಡಿತು. ತೂಕಕ್ಕೆ ಹಣ ತೆರಬೇಕಾದ ಕಡೆ ನೀರಿಗೂ ಹಣ ಕೊಟ್ಟಂತಾಗುವುದರಿಂದ, ಎಲ್ಲರೂ ಕಸವನ್ನು ಹಿಂಡಿಯೇ ಹಾಕುತ್ತಾರೆ. ತರಗೆಲೆಯವರು ಹೇಳಿದ ಮಾತನ್ನು ನನಗೆ ಇಲ್ಲಿನ ಪಕ್ಕದ ಮನೆಯ ಅಜ್ಜಿ ಕೈಸನ್ನೆಯಲ್ಲೇ ಕಲಿಸಿದರು.

ಸಣ್ಣ ಮನೆಯವರಲ್ಲಿ ಹಲವರು ಕಸವನ್ನು ಫ್ರೀಜರಿನಲ್ಲಿ ಇಡುತ್ತಾರೆ. ನಾನೂ ಮುಚ್ಚಳವಿರುವ ಹಳೆಯ ಐಸ್‌ಕ್ರೀಂ ಡಬ್ಬವೊಂದನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಮನೆನೊಣದ ಮೊಟ್ಟೆ ಸೆಖೆಯ ದಿನಗಳಲ್ಲಿ ಒಂದು ದಿನದೊಳಗೇ ಒಡೆಯುತ್ತದೆ, ಆದ್ದರಿಂದ ನಿಮ್ಮ ಬುಟ್ಟಿಯ ಹುಳುಗಳಿಗೆ ವಾರ ಬೇಕಾಗಿರಲಿಲ್ಲ; ಎರಡು ದಿನ ಸಾಕು. ತಣ್ಣಗಿದ್ದಲ್ಲಿ ಮೊಟ್ಟೆಯೂ ಒಡೆಯದು, ಕೊಳೆಯುವುದೂ ನಿಲ್ಲುತ್ತದೆ. ನಿಮ್ಮ ತಾಯಿಯವರ ಆಕ್ಷೇಪ ನನಗೆ ಅರ್ಥವಾಗುತ್ತದೆ, ನಮ್ಮಮ್ಮ ವಿಡಿಯೊ ಕರೆಯಲ್ಲಿ ಆ ಡಬ್ಬವನ್ನು ಕಂಡ ದಿನ ನನಗೂ ಬೈಗುಳ ತಪ್ಪಲಿಲ್ಲ. ಆದರೆ ತೊಳೆದ ತರಕಾರಿಯ ಸಿಪ್ಪೆ ಎಂಜಲಲ್ಲವಲ್ಲ? ಅದನ್ನಾದರೂ ಒಪ್ಪುತ್ತಾರೆಯೇ ಎಂದು ಕೇಳಿ ನೋಡಿ.

ಕುವೆಂಪುನಗರ ನಿವೃತ್ತ

ತರಗೆಲೆಯವರ ವಿಧಾನ ಸರಿಯಾಗಿದೆ, ಆದರೆ ಅವರು ಬೇಯಿಸಿದ ಆಹಾರದ ವಿಷಯವನ್ನು ಹಾರಿಸಿಬಿಟ್ಟಿದ್ದಾರೆ. ಮೈಸೂರಿನಲ್ಲಿ ನಾನು ಮೊದಲ ಸಲ ಗೊಬ್ಬರ ಮಾಡಲು ಹೊರಟಾಗ, ಮನೆಯಲ್ಲಿ ಶ್ರಾದ್ಧದ ಊಟ ಮುಗಿದು ಮಿಕ್ಕಿದ್ದ ಅನ್ನ ಮತ್ತು ಕೂಟನ್ನು ಒಂದೇ ಸಲಕ್ಕೆ ಬಕೆಟ್ಟಿಗೆ ಸುರಿದೆ. ಮೂರನೇ ದಿನಕ್ಕೆ ಅನ್ನವೆಲ್ಲ ಅಂಟಾಗಿ ಗಟ್ಟಿಯಾದ ಮುದ್ದೆಯಾಗಿತ್ತು; ಕೋಲು ಚುಚ್ಚಿದಾಗ ಒಳಗಿನಿಂದ ಹೊಮ್ಮಿದ ವಾಸನೆಗೆ ಕೆಳಮನೆಯವರು ಕಿಟಕಿ ಮುಚ್ಚಿದರು. ಅನ್ನವನ್ನು ಹಾಕಬಾರದೆಂದಲ್ಲ, ಒಂದು ಹಿಡಿಗಿಂತ ಹೆಚ್ಚು ಒಮ್ಮೆಗೆ ಹಾಕಬಾರದು, ಅದನ್ನೂ ಎಲೆಯೊಂದಿಗೆ ಉದುರುದುರಾಗಿ ಕಲಸಿ ಹಾಕಬೇಕು. ಮೀನು ಮಾಂಸದ ಉಳಿಕೆಯನ್ನು ಮನೆಯೊಳಗಿನ ಬಕೆಟ್ಟಿಗೆ ಸೇರಿಸಲೇಬೇಡಿ.

ಹಿಂದೆ ನಮ್ಮ ಮನೆಗಳಲ್ಲಿ ಕಸದ ಬುಟ್ಟಿಗಿಂತ ಮೊದಲು ಕಲಗಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಸಿಪ್ಪೆ, ಗಂಜಿ ಎಲ್ಲವೂ ಅದಕ್ಕೆ ಸೇರಿ ಸಂಜೆಯ ಹೊತ್ತಿಗೆ ಹಸುವಿನ ಮುಂದಿರುತ್ತಿತ್ತು, ಹಾಲು ತರುವವರು ತಾವೇ ಕೇಳಿ ಒಯ್ಯುತ್ತಿದ್ದರು. ಹನುಮಂತನಗರದ ಸುತ್ತಮುತ್ತ ಹಸು ಸಾಕಿದವರು ಇದ್ದರೆ ವಿಚಾರಿಸಬಹುದು, ಆದರೆ ಅದೇ ದಿನದ ಸಿಪ್ಪೆಯನ್ನು ಮಾತ್ರ ಕೊಡಿ. ಹಳಸಿದ ಅನ್ನವನ್ನು ರಾಶಿಯಾಗಿ ತಿಂದ ಹಸುವಿಗೆ ಹೊಟ್ಟೆಯುಬ್ಬರ ಬಂದು ಪ್ರಾಣಕ್ಕೇ ಅಪಾಯವಾಗುತ್ತದೆ. ಕವರಿನ ಸಮೇತ ಬೀದಿಯಲ್ಲಿ ಇಡುವುದಂತೂ ಹಸುವಿಗೆ ವಿಷ ಹಾಕಿದಂತೆ. ಇದನ್ನು ಪುಣ್ಯವೆಂದು ಮಾಡುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಬೆಳಗಿನ ಪಾಳಿ

ಎರಡು ಮಾತು ಸೇರಿಸುತ್ತೇನೆ. ಒಂದು ರಾತ್ರಿಯಲ್ಲಿ ಗೊಬ್ಬರ ಮಾಡುತ್ತದೆಂದು ಮಾರುವ ವಿದ್ಯುತ್ ಯಂತ್ರಗಳು ಬಹುತೇಕ ಕಸವನ್ನು ಒಣಗಿಸಿ ಪುಡಿ ಮಾಡುತ್ತವೆ. ಆ ಪುಡಿಗೆ ನೀರು ತಾಗಿದರೆ ಬೂಷ್ಟು ಹಿಡಿಯುತ್ತದೆ, ಏಕೆಂದರೆ ಅದು ಇನ್ನೂ ಗೊಬ್ಬರವಾಗಿರುವುದಿಲ್ಲ. ಬೊಕಾಶಿ ಎಂಬ ಜಪಾನೀ ವಿಧಾನ ಬೇಯಿಸಿದ ಆಹಾರಕ್ಕೂ ಒಗ್ಗುತ್ತದೆ, ಡಬ್ಬವೂ ಬಿಗಿಯಾಗಿ ಮುಚ್ಚಿರುತ್ತದೆ, ಆದರೆ ಎರಡು ವಾರ ಹುದುಗಿದ ಮೇಲೆ ಅದನ್ನು ಮಣ್ಣಿನಲ್ಲಿ ಹೂಳಬೇಕು. ಹೂಳಲು ಮಣ್ಣಿದ್ದಿದ್ದರೆ ನೀವು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಈಗ ನನ್ನ ಸಂದೇಹ. ನಿಮ್ಮ ತೊಡಕು ನಿಜವಾಗಿ ಕಸದ್ದೇ ಅಥವಾ ಮೆಟ್ಟಿಲುಗಳದ್ದೇ? ಗಾಡಿ ದಿನವೂ ಬರುತ್ತದೆ, ತಾಯಿಯವರು ಮನೆಯಲ್ಲೇ ಇರುತ್ತಾರೆ, ನಡುವೆ ಇರುವುದು ಮೂರು ಮಹಡಿ ಮಾತ್ರ. ನಾವು ಚಿಕ್ಕವರಿದ್ದಾಗ ನಮ್ಮ ವಠಾರದ ಮೇಲ್ಮನೆಯ ಅಜ್ಜಿಯೊಬ್ಬರು ಬುಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟು ಸೊಪ್ಪು ಕೊಳ್ಳುತ್ತಿದ್ದರು. ಸೊಪ್ಪು ಮೇಲೆ ಹೋಗುವ ದಾರಿಯಲ್ಲೇ ಕಸ ಕೆಳಗೆ ಬರಬಹುದಲ್ಲವೇ? ಗಾಡಿಯವರೊಂದಿಗೆ ಮೊದಲೇ ಮಾತನಾಡಿಕೊಳ್ಳಿ, ಅವರ ಹೊತ್ತನ್ನೂ ಕೇಳಿ ತಿಳಿದುಕೊಳ್ಳಿ.

ಮೂರನೇ ಮಹಡಿ

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಮಂಚದ ಕೆಳಗೆ ಗೊಬ್ಬರ ಇಡುವ ಮಾತನ್ನು ಮನೆಯಲ್ಲಿ ಎತ್ತುವ ಧೈರ್ಯ ನನಗೆ ಬರಲಿಲ್ಲ. ಸಿಪ್ಪೆಯನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಲು ತಾಯಿಯವರು ಒಪ್ಪಿದ್ದಾರೆ, ಎಂಜಲಿಗೆ ಇಲ್ಲ.

ಅಡುಗೆಮನೆಯ ಕಿಟಕಿಗೆ ಗ್ರಿಲ್ಲಿದೆ, ಆದರೆ ಕಾರಿಡಾರಿನ ಕಿಟಕಿ ಬೀದಿಗೆ ತೆರೆದುಕೊಳ್ಳುತ್ತದೆ. ಬಾವಿಯ ಹಗ್ಗದಂತಹ ನೈಲಾನ್ ಹಗ್ಗವನ್ನು 12 ಮೀಟರ್ ತಂದು, ಹಿಡಿಕೆಯಿರುವ ಐದು ಲೀಟರಿನ ಬಕೆಟ್ಟಿಗೆ ಕಟ್ಟಿದ್ದೇನೆ. ಗಾಡಿಯ ಹಾಡು ಕೇಳಿದೊಡನೆ ತಾಯಿಯವರು ಕುರ್ಚಿಯಲ್ಲಿ ಕುಳಿತೇ ಇಳಿಬಿಡುತ್ತಾರೆ. ಮೊದಲ ದಿನ ಗಂಟು ಸಡಿಲಾಗಿ ಬಕೆಟ್ ಕೆಳಮನೆಯವರ ಸ್ಕೂಟರಿನ ಸೀಟಿನ ಮೇಲೆ ಬಿತ್ತು. ನೀರು ಬಸಿದು ಪೊಟ್ಟಣ ಕಟ್ಟಿದ್ದರಿಂದ ಸೀಟು ಒರೆಸುವುದರಲ್ಲೇ ಮುಗಿಯಿತು. ಈಗ ಕೆಳಗೆ ಬಂದ ಬಕೆಟ್ಟನ್ನು ಸುರಿದುಕೊಳ್ಳುವ ಅಕ್ಕನವರಿಗೂ ತಾಯಿಯವರಿಗೂ ಮೇಲೆ ಕೆಳಗೆ ಮಾತುಕತೆ ಬೆಳೆದಿದೆ. ಗಾಡಿ ಬಾರದ ದಿನಕ್ಕೆ ಮಾತ್ರ ಪೊಟ್ಟಣಗಳು ಆ ಒಂದು ಗೇಣಿನ ಸಂದಿಯಲ್ಲಿ ಕಾಯುತ್ತವೆ.

ಉಳಿದಿರುವುದು ತೆಂಗಿನ ಕರಟ. ಅದನ್ನು ಹಸಿ ಕಸದೊಂದಿಗೆ ಕೊಟ್ಟರೆ ಅವರು ತೆಗೆದು ಪಕ್ಕಕ್ಕಿಡುತ್ತಾರೆ, ಒಣ ಕಸದ ಚೀಲಕ್ಕೆ ಹಾಕಿದರೆ ಚೀಲ ಎರಡೇ ದಿನಕ್ಕೆ ತುಂಬುತ್ತದೆ.

ಕುವೆಂಪುನಗರ ನಿವೃತ್ತ

ಕರಟವನ್ನು ಒಂದರೊಳಗೊಂದು ಕೂರಿಸಿ, ಹತ್ತು ಕರಟಕ್ಕೂ ಮೊಳದುದ್ದದ ಜಾಗ ಸಾಕು. ಇಸ್ತ್ರಿ ಗಾಡಿಯವರು ಹತ್ತಿರದಲ್ಲಿದ್ದರೆ ಕೇಳಿ ನೋಡಿ. ನಮ್ಮ ಬೀದಿಯವರು ಕೆಂಡಕ್ಕೆಂದು ಚೀಲಗಟ್ಟಲೆ ಒಯ್ಯುತ್ತಾರೆ.