ಡೈರೆಕ್ಟ್ ಸಿಸ್ಟಮ್ ಕಾಲ್ ಪತ್ತೆ ಮಾಡೋದು ಹೇಗೆ? ಸಹಾಯ ಬೇಕು

ನಮಸ್ಕಾರ. ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಮುಂದಿನ ತಿಂಗಳು ಇಲ್ಲಿ ರೆಡ್ ಟೀಮ್ ಪರೀಕ್ಷೆ (ದಾಳಿಕೋರರಂತೆ ನಡೆದು ನಮ್ಮ ರಕ್ಷಣೆಯನ್ನು ಪರೀಕ್ಷಿಸುವುದು) ಇದೆ, ಲಿಖಿತ ಒಪ್ಪಿಗೆಯೊಂದಿಗೆ. ನಾನು ಕಾಯುವ ಕಡೆಯವನು.

ಹಲವು ಇಡಿಆರ್‌ಗಳು (ಕಂಪ್ಯೂಟರ್‌ನಲ್ಲಿ ದಾಳಿ ಪತ್ತೆ ಮಾಡುವ ಸಾಫ್ಟ್‌ವೇರ್) ವಿಂಡೋಸ್‌ನ ಎನ್‌ಟಿಡಿಎಲ್‌ಎಲ್ (ಪ್ರೋಗ್ರಾಂಗಳು ಕರ್ನಲ್‌ಗೆ, ಅಂದರೆ ವಿಂಡೋಸ್‌ನ ತಿರುಳಿಗೆ, ಹೋಗುವ ದಾರಿಯ ಲೈಬ್ರರಿ) ಒಳಗೆ ಹುಕ್, ಅಂದರೆ ಕಾವಲು ಕೋಡ್, ಹಾಕಿ ಕೂತಿರುತ್ತವೆ. ಪ್ರೋಗ್ರಾಂ ಅದನ್ನು ಬಿಟ್ಟು ತಾನೇ ಸಿಸ್‌ಕಾಲ್ (ಸಿಸ್ಟಮ್ ಕಾಲ್, ಕರ್ನಲ್‌ಗೆ ಮಾಡುವ ಕೋರಿಕೆ) ಮಾಡಿದರೆ ಹುಕ್‌ಗೆ ಸುದ್ದಿಯೇ ಸಿಗುವುದಿಲ್ಲ. ಟೋಲ್ ಬಿಟ್ಟು ಹಳ್ಳಿ ರಸ್ತೆ ಹಿಡಿದ ಹಾಗೆ. ಆದರೂ ಕರ್ನಲ್‌ಗೆ ಹೋಗಲೇಬೇಕಲ್ವಾ? ಸಿಸ್‌ಮಾನ್ (ಮೈಕ್ರೋಸಾಫ್ಟ್‌ನ ಲಾಗ್ ಬರೆಯುವ ಟೂಲ್) ಒಂದು ಪ್ರೋಸೆಸ್ ಇನ್ನೊಂದನ್ನು ತೆರೆದಾಗ ಬರೆಯುವ ಈವೆಂಟ್ 10 ಕರ್ನಲ್ ಕಡೆಯಿಂದ ಬರುವುದರಿಂದ, ಹಾಗೆ ತೆರೆದದ್ದು ದಾಖಲಾಗುತ್ತದೆ. ಅದರ ಕಾಲ್‌ಟ್ರೇಸ್ (ಕರೆ ಯಾವ ಯಾವ ಕೋಡ್ ದಾಟಿ ಬಂತು ಎಂಬ ಪಟ್ಟಿ) ಸಾಮಾನ್ಯವಾಗಿ ಎನ್‌ಟಿಡಿಎಲ್‌ಎಲ್‌ನಿಂದ ಶುರುವಾಗಬೇಕು. ಹಾಗಿಲ್ಲದಿದ್ದರೆ ಅನುಮಾನ.

ನನ್ನ ತಲೆನೋವು ಇಲ್ಲಿದೆ. ಕಾಲ್‌ಟ್ರೇಸ್‌ನಲ್ಲಿ ಅನ್‌ನೋನ್ (ಯಾವ ಫೈಲ್‌ಗೂ ಸೇರದ ಮೆಮೊರಿ) ಎಂದು ಬಂದದ್ದನ್ನೆಲ್ಲ ಹಿಡಿಯಲು ಹೋದರೆ ಪವರ್‌ಶೆಲ್, ಡಾಟ್‌ನೆಟ್ ಪ್ರೋಗ್ರಾಂಗಳೂ ಸಿಕ್ಕಿಬೀಳುತ್ತವೆ, ಅವುಗಳ ಕೋಡ್ ಮೆಮೊರಿಯಲ್ಲೇ ತಯಾರಾಗುತ್ತದಲ್ಲ. ಸುಮ್ನೆ ಅಲರ್ಟ್ ಜಾಸ್ತಿ. ಎಲ್‌ಸಾಸ್ ಪ್ರೋಸೆಸ್ (ಲಾಗಿನ್ ಗುಟ್ಟುಗಳನ್ನು ಇಟ್ಟುಕೊಳ್ಳುವುದು) ಮುಟ್ಟುವುದನ್ನು ಮಾತ್ರ, ಟ್ರೇಸ್‌ನ ಮೊದಲ ಹೆಜ್ಜೆಯನ್ನಷ್ಟೇ ನೋಡಿದರೆ ಸಾಕಾಗುತ್ತದೆಯೇ? ಯಾರಾದರೂ ಇಂಥ ರೂಲ್ ಓಡಿಸುತ್ತಿದ್ದೀರಾ?

ಇನ್‌ಡೈರೆಕ್ಟ್ ಸಿಸ್‌ಕಾಲ್ ಇನ್ನೂ ಕಷ್ಟ. ಅದು ಎನ್‌ಟಿಡಿಎಲ್‌ಎಲ್ ಒಳಗಿನ ಸಿಸ್‌ಕಾಲ್ ಸಾಲಿಗೇ ಜಿಗಿಯುವುದರಿಂದ ಮೊದಲ ಹೆಜ್ಜೆ ಸರಿಯಾಗೇ ಕಾಣುತ್ತದೆ. ಆಗ ಅದರ ಹಿಂದಿನ ಹೆಜ್ಜೆಗಳಲ್ಲಿ ಏನನ್ನು ಗಮನಿಸಬೇಕು? ಇಟಿಡಬ್ಲ್ಯೂ ಥ್ರೆಟ್ ಇಂಟೆಲಿಜೆನ್ಸ್ (ಕರ್ನಲ್ ತಾನೇ ಕೊಡುವ ಭದ್ರತಾ ಈವೆಂಟ್‌ಗಳು) ಓದಲು ಪ್ರೊಟೆಕ್ಟೆಡ್ ಪ್ರೋಸೆಸ್ (ವಿಂಡೋಸ್ ವಿಶೇಷವಾಗಿ ಕಾಯುವ ಪ್ರೋಸೆಸ್) ಬೇಕು, ನಮ್ಮಂಥ ಸಣ್ಣ ತಂಡಕ್ಕೆ ಅದು ದೂರದ ಮಾತು.

ಬೈಪಾಸ್ ಕೋಡ್ ಕಳಿಸಬೇಡಿ, ನನಗೆ ಬೇಡ. ಸಿಸ್‌ಮಾನ್ ಕಾನ್ಫಿಗ್ ಇದ್ದರೆ ಕಳಿಸಿ. ನಮ್ಮಲ್ಲಿ ವಿಂಡೋಸ್ 10, 11 ಎರಡೂ ಇವೆ.