ರೇಡಿಯೊ ಸರ್ ಸನ್ಮಾನ ಪತ್ರಕ್ಕೆ ಏನು ಬರೆಸೋಣ ಅಂತ ಕೇಳಿದ್ದಕ್ಕೆ

ತಮ್ಮಾ, ನಿನ್ನ ಮೆಸೇಜ್ ಈಗ ನೋಡಿದೆ, ಕೊಟ್ಟಿಗೆ ಕೆಲಸ ಮುಗಿಯುವಾಗ ಇಷ್ಟು ಹೊತ್ತಾಯಿತು. ಭದ್ರಾವತಿ ಆಕಾಶವಾಣಿಯ ನಮ್ಮ ಸರ್ ಈ ತಿಂಗಳು ನಿವೃತ್ತರಾಗುತ್ತಾರೆ, ಸನ್ಮಾನ ಪತ್ರಕ್ಕೆ ಏನು ಬರೆಸೋಣ ಅಂತ ಕೇಳಿದ್ದೀಯ. ಅತ್ತಿಗೆ 'ಮಧುರ ಕಂಠದ ನಿರೂಪಕರು' ಅಂತ ಹಾಕಿಸಿ ಎಂದಿದ್ದಾರೆ. ಕಂಠ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ರೇಡಿಯೊಗೆ ಬರುವ ಮೊದಲು ಅವರು ಆರೋಗ್ಯ ಇಲಾಖೆಯಲ್ಲಿದ್ದರು, ಸೊರಬ, ಸಾಗರದ ಕಡೆ ಮನೆಮನೆ ತಿರುಗಿದವರು. ಅದನ್ನು ಮೊದಲ ಸಾಲಿನಲ್ಲೇ ಹಾಕಿಸು.

ಯಾಕೆ ಅಂತ ಹೇಳುತ್ತೇನೆ ಕೇಳು. ಮಂಗನ ಕಾಯಿಲೆ ಮೊದಲು ಕಂಡಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಇವತ್ತಿಗೂ ಡಿಸೆಂಬರ್ ಬಂತು ಅಂದರೆ ಮೇ ತನಕ ಭಯ ಇದ್ದೇ ಇರುತ್ತದೆ, ಅಲ್ವಾ. ದರಗು ಅಂದರೆ ಒಣ ಎಲೆ ತರಲು, ಸೌದೆ ತರಲು ಕಾಡಿಗೆ ಹೋಗದೆ ನಮಗೆ ನಡೆಯುವುದಿಲ್ಲ, ಆ ಕಾಯಿಲೆ ಹರಡುವ ಉಣುಗು ಕಚ್ಚುವುದೂ ಅಲ್ಲೇ. ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡಿಎಂಪಿ ಎಣ್ಣೆಯನ್ನು ಅಮ್ಮ ಹಚ್ಚಿಕೊಳ್ಳಲು ಒಪ್ಪುತ್ತಲೇ ಇರಲಿಲ್ಲ, ವಾಸನೆ ಅಂತ. ನಾವು ಹೇಳಿ ಹೇಳಿ ಸೋತಿದ್ದೆವು. ಒಂದು ದಿನ ಸರ್ ರೇಡಿಯೊದಲ್ಲಿ, ವಾಸನೆ ಬರುತ್ತದೆ ನನಗೂ ಗೊತ್ತು, ಅದನ್ನೇ ಹಚ್ಚಿಕೊಂಡು ವರ್ಷಗಟ್ಟಲೆ ಕಾಡು ಸುತ್ತಿದವನು ನಾನು ಎಂದರು. ಕಾಡಿಂದ ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈಯೂ ಬಿಸಿನೀರಲ್ಲಿ ತೊಳೆಯಿರಿ, ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ ಎಂದೂ ಹೇಳಿದರು. ಮಾರನೇ ದಿನ ಅಮ್ಮ ತಾನೇ ಬಾಟಲಿ ಕೇಳಿದಳು. ಬರೀ ಕಂಠಕ್ಕೆ ಅಮ್ಮ ಬಗ್ಗುವವಳಲ್ಲ!

ಅಡಿಕೆ ವಿಷಯವೂ ಹಾಗೇ. ಅಡಿಕೆಯ ಕೊಳೆ ರೋಗದ ಔಷಧಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, ಇದು ಎಲ್ಲರಿಗೂ ಬಾಯಿಪಾಠ. ಆದರೆ ಕತ್ತಿ ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಕೃಷಿಯವರನ್ನು ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿಸಿದ್ದು ಇವರು. ಗೊತ್ತಾಗದವರ ಪರವಾಗಿ ತಾವೇ ಪ್ರಶ್ನೆ ಕೇಳುತ್ತಿದ್ದರು. ಆರೋಗ್ಯ ಇಲಾಖೆಯಲ್ಲಿದ್ದಾಗ ಮನೆಮನೆಯ ಜಗಲಿ ಮೇಲೆ ಕೂತು ಕೇಳಿ ಕೇಳಿ ಬಂದ ಅಭ್ಯಾಸ ಅದು.

ಮಳೆಗಾಲದಲ್ಲಿ ಕರೆಂಟು ವಾರಗಟ್ಟಲೆ ಇಲ್ಲದೆ, ಮೊಬೈಲೂ ಸತ್ತು ಬಿದ್ದಾಗ, ಲಿಂಗನಮಕ್ಕಿ ಅಣೆಕಟ್ಟಿನ ನೀರು ಎಲ್ಲಿಗೆ ಬಂತು, ಪೂರ್ತಿ ತುಂಬುವ 1819 ಅಡಿಗೆ ಇನ್ನು ಎಷ್ಟು ಬಾಕಿ, ಶಾಲೆಗೆ ರಜೆಯಾ ಎನ್ನುವುದೆಲ್ಲ ನಮಗೆ ಅವರ ಬಾಯಿಂದಲೇ ತಿಳಿಯುತ್ತಿತ್ತು. ಹೊರಗೆ ಆ ಮಳೆ, ಒಳಗೆ ಆ ದನಿ. ಮನೇಲಿ ಒಬ್ಬರು ಜಾಸ್ತಿ ಇದ್ದ ಹಾಗೆ ಆಗುತ್ತಿತ್ತು.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇರಲಿ, ಬೇಡ ಅನ್ನುವುದಿಲ್ಲ. ವೇದಿಕೆ ಮೇಲೆ ದೊಡ್ಡವರ ಭಾಷಣ ಕಡಿಮೆ ಮಾಡಿ. ಅವರ ಜೊತೆ ಕಾಡು ತಿರುಗಿದ ಹಳೇ ಆರೋಗ್ಯ ಸಿಬ್ಬಂದಿ ಯಾರಾದರೂ ಸಿಕ್ಕಿದರೆ ಮೊದಲು ಅವರಿಗೆ ಮೈಕ್ ಕೊಡಿ. ಆಮೇಲೆ ನಮ್ಮ ಅಮ್ಮನಿಗೆ ಎರಡು ನಿಮಿಷ. ಎಣ್ಣೆ ಕಥೆ ತಾನೇ ಹೇಳುತ್ತಾಳಂತೆ, ನಿನ್ನೆಯಿಂದ ಸೀರೆ ತೆಗೆದಿಟ್ಟಿದ್ದಾಳೆ. ಕರೆದುಕೊಂಡು ಬರುವ ಜವಾಬ್ದಾರಿ ನನ್ನದು, ನೀನು ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಿಡಿದಿಡು.